ಪದಚರ್ಚೆ: ಆಯಿಲ್ ಬದಲಿಸಿದ ಮೇಲೂ ಎಂಜಿನ್ ಒಳಗೆ ಉಳಿಯುವ ಹಳೇ ಆಯಿಲ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾರು ಇಟ್ಟುಕೊಂಡವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬ್ರೇಕು, ಟೈರು, ಬ್ಯಾಟರಿ ಸಲೀಸಾಗಿ ಮುಗಿದವು. ಎಂಜಿನ್ ಆಯಿಲ್ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಇಳಿಸಿದರೂ ಸ್ವಲ್ಪ ಒಳಗೆ ಉಳಿದೇ ಉಳಿಯುತ್ತದೆ. ಆ ಉಳಿದದ್ದಕ್ಕೆ ಒಂದು ಹೆಸರು ಬೇಕು. ಅಧ್ಯಾಯದ ತುಂಬ ಅದು ಬರುತ್ತದೆ. ಪ್ರತಿ ಸಲವೂ "ಬದಲಿಸಿದ ಮೇಲೂ ಒಳಗೇ ಉಳಿದ ಹಳೇ ಆಯಿಲ್" ಅಂತ ಬರೆದರೆ ಓದುವವರಿಗೆ ಸುಸ್ತು.

"ಆಯಿಲ್" ತೆಗೆದು "ಎಣ್ಣೆ" ಹಾಕಬೇಕಾ ಅನ್ನುವ ಜಗಳ ಈಗ ಬೇಡ. ಕೀಲೆಣ್ಣೆ ಅನ್ನುವ ಒಳ್ಳೆಯ ಪದ ನಮ್ಮಲ್ಲಿದೆ, ಗೊತ್ತು. ಆದರೆ ಕಾರು ಓಡಿಸುವವರು, ರಿಪೇರಿ ಮಾಡುವವರು ಎಲ್ಲರೂ ಅನ್ನುವುದು ಆಯಿಲ್. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ನನಗೆ ಬೇಕಿರುವುದು ಅದರ ಹಿಂದೆ ಕೂರುವ ಪದ.

ನಿಘಂಟು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಗಸಿ, ಚರಟ, ಮಡ್ಡಿ. ಚೆಂದದ ಪದಗಳೇ. ಆದರೆ ಮೂರೂ ತಳಕ್ಕೆ ಇಳಿದು ಕೂತದ್ದನ್ನು ಹೇಳುತ್ತವೆ. ಡಬ್ಬದಲ್ಲಿ ಎಣ್ಣೆ ಬಹಳ ದಿನ ಅಲುಗಾಡದೆ ಇದ್ದರೆ ತಿಳಿ ಮೇಲೆ ನಿಲ್ಲುತ್ತದೆ, ಗಸಿ ಕೆಳಗೆ ಕೂರುತ್ತದೆ. ಎಂಜಿನ್‌ನಲ್ಲಿ ಆಗುವುದು ಹೆಚ್ಚುಕಡಿಮೆ ತಿರುಗುಮುರುಗು. ತಳದಲ್ಲಿದ್ದದ್ದು ಮೊದಲು ಹೊರಗೆ ಬರುತ್ತದೆ, ಮೇಲೆಲ್ಲೋ ಇದ್ದದ್ದು ಉಳಿಯುತ್ತದೆ. ಮತ್ತೆ, ಹೊರಗೆ ಬಂದ ಆಯಿಲ್ ಎಂಥದ್ದೋ ಒಳಗೆ ಉಳಿದದ್ದೂ ಅಂಥದ್ದೇ. ಅಷ್ಟೇ ಕಪ್ಪು, ಅಷ್ಟೇ ತೆಳು.

ಎಲ್ಲೆಲ್ಲಿ ಉಳಿಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದ ಹುಡುಕಲು ಅದು ಬೇಕು. ಮೆಕ್ಯಾನಿಕ್‌ಗಳು ಚೇಂಬರ್ ಅನ್ನುವ ತಳದ ತೊಟ್ಟಿಯಲ್ಲಿ, ಬೋಲ್ಟ್ ತೂತಿನ ಅಂಚಿಗಿಂತ ಕೆಳಗೆ, ತೆಳ್ಳಗೆ ಒಂದಿಷ್ಟು ನಿಲ್ಲುತ್ತದೆ. ಆಯಿಲ್ ಪಂಪಿನ ಹೊಟ್ಟೆಯಲ್ಲಿ ಒಂದಿಷ್ಟು. ಎಂಜಿನ್ನಿನ ಲೋಹದೊಳಗೆ ಕೊರೆದ ಕಿರುದಾರಿಗಳಲ್ಲಿ ಒಂದಿಷ್ಟು. ಮೇಲೆ ಹೆಡ್‌ನಲ್ಲಿ, ಕ್ಯಾಮ್ ಶಾಫ್ಟ್ ಅಡಿಯ ತಗ್ಗುಗಳಲ್ಲಿ, ಪುಟ್ಟ ಪುಟ್ಟ ಮಡು. ಆಯಿಲ್ ಕೂಲರ್ ಇದ್ದರೆ ಅದರಲ್ಲೂ, ಟರ್ಬೊ ಇದ್ದರೆ ಅದರ ಕೊಳವೆಯಲ್ಲೂ. ಇದೆಲ್ಲ ಸಾಲದು ಅಂತ ಲೋಹದ ಮೈಗೆಲ್ಲ ಸವರಿಕೊಂಡ ಪದರ ಬೇರೆ.

ಫಿಲ್ಟರ್ ಕಥೆ ಇನ್ನೂ ಸ್ವಾರಸ್ಯ. ಬಹಳಷ್ಟು ಫಿಲ್ಟರ್‌ಗಳ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಎಂಜಿನ್ ನಿಂತಾಗ ಫಿಲ್ಟರ್‌ನಲ್ಲಿರುವ ಆಯಿಲ್ ವಾಪಸ್ ಹರಿದು ಹೋಗದಂತೆ ತಡೆಯುವುದೇ ಅದರ ಕೆಲಸ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಬೇರಿಂಗ್‌ಗಳಿಗೆ ಬೇಗ ಆಯಿಲ್ ಸಿಗಲಿ ಅಂತ. ಅಂದರೆ ಅದು ಉಳಿದದ್ದಲ್ಲ, ಬೇಕೆಂದೇ ಉಳಿಸಿದ್ದು. ಫಿಲ್ಟರ್ ಬದಲಿಸದೆ ಬರೀ ಆಯಿಲ್ ಬದಲಿಸಿದರೆ ಅಷ್ಟೂ ಹಳೇದು ಹಾಗೇ ಮುಂದುವರಿಯುತ್ತದೆ. ಲೋಹಕ್ಕೆ ಅಂಟಿದ ಪದರವೂ ಸುಮ್ನೆ ಕೂತಿರುವುದಿಲ್ಲ. ಹೊಸ ಆಯಿಲ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ, ಪಂಪು ಒತ್ತಡ ಕಟ್ಟುವ ತನಕ ಬೇರಿಂಗ್ ಸವೆಯದಂತೆ ಕಾಯುವುದು ಈ ಹಳೇದೇ. ಇಂಥದ್ದನ್ನು ಚರಟ ಅಂತ ಕರೆದರೆ ಅನ್ಯಾಯ ಅಲ್ವಾ?

ಮಡ್ಡಿಯನ್ನು ನಾನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೇನೆ. ಆಯಿಲ್ ಬಹಳ ಕಾಲ ಬದಲಿಸದೆ, ಕಾವಿಗೆ ಗಾಳಿ ಸೇರಿ ಕೆಟ್ಟು, ವಾಲ್ವ್ ಕವರ್ ಅಡಿಗೂ ಪಂಪಿನ ಜಾಲರಿಗೂ ಕಪ್ಪಗೆ ಮೆತ್ತಿಕೊಳ್ಳುತ್ತದಲ್ಲ, ಅದು ಮಡ್ಡಿ. ಅದು ಕಾಯಿಲೆ. ನಾನು ಹೇಳುತ್ತಿರುವ ಆಯಿಲ್ ಕಾಯಿಲೆಯಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಓದಿದವರು ಗಾಬರಿಯಾಗಿ ಎಂಜಿನ್ ಫ್ಲಶ್ (ಎಂಜಿನ್ ಒಳಗನ್ನು ತೊಳೆಯುವ ದ್ರವ) ತರಲು ಓಡುತ್ತಾರೆ. ತಮಾಷೆ ಅಂದರೆ, ಆ ಫ್ಲಶ್ ಕೂಡ ಪೂರ್ತಿ ಇಳಿಯುವುದಿಲ್ಲ. ಅದೇ ತಗ್ಗುಗಳಲ್ಲಿ ನಿಂತು ಹೊಸ ಆಯಿಲ್‌ಗೆ ಬೆರೆಯುತ್ತದೆ.

ಇನ್ನು ಶೇಷ. ಇದಕ್ಕಿರುವ ಲೆಕ್ಕದ ವಾಸನೆ ನನಗೆ ಹಿಡಿಸಿತ್ತು, ಏಕೆಂದರೆ ವಿಷಯವೇ ಲೆಕ್ಕದ್ದು. ಒಣ ಎಂಜಿನ್‌ಗೆ, ಅಂದರೆ ಒಳಗೆ ಒಂದು ಹನಿ ಆಯಿಲ್ಲೂ ಇಲ್ಲದ್ದಕ್ಕೆ, 5 ಲೀಟರ್ ಹಿಡಿಯುತ್ತದೆ, ಇಳಿಸಿದಾಗ 4.5 ಲೀಟರ್ ಬಂತು ಅಂತಿಟ್ಟುಕೊಳ್ಳಿ. ಅರ್ಧ ಲೀಟರ್ ಒಳಗೆ ಉಳಿಯಿತು, ನೂರಕ್ಕೆ 10. ಮುಂದಿನ ಸಲ ಬದಲಿಸಿದಾಗ ಆ ಅರ್ಧ ಲೀಟರ್‌ನಲ್ಲಿ ಉಳಿಯುವುದು 50 ಮಿಲಿ. ಅದರ ಮುಂದಿನ ಸಲ 5 ಮಿಲಿ. ಎಷ್ಟು ಸಲ ಬದಲಿಸಿದರೂ ಅರ್ಧ ಲೀಟರ್ ಹಳೇದು ಇದ್ದೇ ಇರುತ್ತದೆ, ನಿಜ. ಆದರೆ ಅದರಲ್ಲಿ 450 ಮಿಲಿ ಕಳೆದ ಸಲದ್ದು, 45 ಮಿಲಿ ಅದರ ಹಿಂದಿನದು, ಮಿಕ್ಕ 5 ಮಿಲಿಯಲ್ಲಿ ಅದಕ್ಕೂ ಹಿಂದಿನವೆಲ್ಲ ಮುಗಿದವು. ವರ್ಷ ವರ್ಷ ಗಂಟು ಕಟ್ಟಿಕೊಂಡು ಹೋಗುವುದಿಲ್ಲ.

ಕೆಲವರು ಇದನ್ನು ಹೆಪ್ಪಿನ ಹಾಗೆ ನೋಡುತ್ತಾರೆ: ಒಂದು ಚಮಚ ಹಳೇದು ಬಿದ್ದರೆ ಹೊಸದೆಲ್ಲ ಹಳೇದಾಯಿತು ಅಂತ. ಡೀಸೆಲ್ ಕಾರಿನವರಿಗೆ ಈ ಅನುಮಾನ ಜಾಸ್ತಿ. ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಡಿಪ್ ಸ್ಟಿಕ್ ಎಳೆದು ನೋಡಿದರೆ ಆಗಲೇ ಕಪ್ಪು. ಆದರೆ ಅದು ಮಸಿಯ ಬಣ್ಣ. ಡೀಸೆಲ್ ಮಸಿ ತುಂಬ ನುಣ್ಣಗಿರುತ್ತದೆ, ಬಣ್ಣ ಕೆಡಿಸಲು ಸ್ವಲ್ಪವೇ ಸಾಕು. ಹತ್ತರಲ್ಲಿ ಒಂಬತ್ತು ಪಾಲು ಹೊಸ ಆಯಿಲ್ಲೇ ಇದೆ. ಕೈಪಿಡಿಯಲ್ಲಿ ಈ ಜಾಗಕ್ಕೆ ಭಯ ಹುಟ್ಟಿಸದ ಪದ ಬೇಕು ಅನ್ನುವುದು ನನ್ನ ಹಟ. ಶೇಷ ಭಯ ಹುಟ್ಟಿಸುವುದಿಲ್ಲ, ಸರಿ. ಆದರೆ "ಶೇಷ ಆಯಿಲ್" ಅಂದರೆ ಯಾವುದೋ ಆಯಿಲ್ ಕಂಪನಿಯ ಹೆಸರಿನಂತೆ ಕೇಳುತ್ತದೆ. ಅವಶೇಷ ಅಂದರೆ ಹಾಳುಬಿದ್ದ ಕೋಟೆ ಕಣ್ಣಿಗೆ ಬರುತ್ತದೆ. ಬಿಟ್ಟೆ.

ಉಳಿಕೆ ಬಳಸಿ ಅಂತ ಬಹಳ ಜನ ಹೇಳಿಯಾರು. ಸರಳ, ಎಲ್ಲರಿಗೂ ಗೊತ್ತು. ತೊಂದರೆ ಬೇರೆ ಕಡೆ ಇದೆ. 5 ಲೀಟರ್ ಡಬ್ಬ ತಂದು 4.5 ಲೀಟರ್ ಹಾಕಿದರೆ ಡಬ್ಬದಲ್ಲೂ ಅರ್ಧ ಲೀಟರ್ ಉಳಿಯುತ್ತದೆ. ಅದೂ ಉಳಿಕೆಯೇ! "ಉಳಿಕೆ ಆಯಿಲ್ ಟಾಪ್ ಅಪ್‌ಗೆ ಇಟ್ಟುಕೊಳ್ಳಿ" ಅಂತ ಮುಂದಿನ ಪುಟದಲ್ಲಿ ಬರೆದರೆ ಹೊಸದೋ ಹಳೇದೋ? ಈ ಗೊಂದಲ ಬರೀ ಮಾತಿನದ್ದಲ್ಲ. ಒಣ ಎಂಜಿನ್ ಅಳತೆಯನ್ನೇ ನಂಬಿ ಡಬ್ಬದಲ್ಲಿದ್ದ ಆ ಅರ್ಧ ಲೀಟರನ್ನೂ ಸುರಿದರೆ ಆಯಿಲ್ ಮಟ್ಟ ಮೇಲೇರುತ್ತದೆ. ಚೇಂಬರ್‌ನ ಮೇಲೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸಬಹುದು. ನೊರೆ ಹೋದ ಕಡೆ ಆಯಿಲ್ ಒತ್ತಡ ನಿಲ್ಲುವುದಿಲ್ಲ.

ಹಾಗಾಗಿ ಕ್ರಿಯಾಪದದ ಕಡೆಯಿಂದ ಹೊರಟೆ. "ಡ್ರೈನ್ ಮಾಡು" ಅನ್ನುವ ಕಡೆಯೆಲ್ಲ ನಾನು "ಬಸಿ" ಅಂತ ಬರೆದಿದ್ದೇನೆ. ಹೊಲದ ಬಸಿಗಾಲುವೆಯಲ್ಲಿ ಇರುವುದೂ ಅದೇ ಬಸಿ. ಒದ್ದೆ ಬಟ್ಟೆಯನ್ನು ನೇತುಹಾಕಿ ನೀರು ಬಸಿಯಲಿ ಅನ್ನುತ್ತೇವೆ, ಹಿಂಡುವುದು ಬೇರೆ. ಬಸಿಯುವುದು ಅಂದರೆ ತನ್ನ ಭಾರಕ್ಕೆ ತಾನೇ ಇಳಿದು ಹೋಗುವುದು. ಬೋಲ್ಟ್ ಬಿಚ್ಚಿದಾಗ ಆಗುವುದೂ ಇದೇ. ಮೊದಲು ಬೆರಳಿನಷ್ಟು ದಪ್ಪ ಧಾರೆ, ಆಮೇಲೆ ದಾರದಷ್ಟು, ಆಮೇಲೆ ಹನಿ. ಎರಡು ಹನಿಗಳ ನಡುವೆ ಒಂದೆರಡು ಸೆಕೆಂಡ್ ಹಿಡಿಯತೊಡಗಿದರೆ ಬೋಲ್ಟ್ ವಾಪಸ್ ಹಾಕುವ ಹೊತ್ತು. ಎಂಜಿನ್ ಬೆಚ್ಚಗಿದ್ದಾಗ ಬಸಿಯಿರಿ ಅನ್ನುವುದೂ ಇದಕ್ಕೇ: 40 ಡಿಗ್ರಿಗೆ ಹೋಲಿಸಿದರೆ 100 ಡಿಗ್ರಿಯಲ್ಲಿ ಆಯಿಲ್ ಐದಾರು ಪಟ್ಟು ತೆಳ್ಳಗಿರುತ್ತದೆ, ಗೋಡೆಗಳಿಂದ ಬೇಗ ಜಾರುತ್ತದೆ. ಆದರೂ ಹೆಡ್‌ನ ತಗ್ಗಿನಲ್ಲಿ ನಿಂತದ್ದು ರಾತ್ರಿಯಿಡೀ ಕಾದರೂ ಇಳಿಯುವುದಿಲ್ಲ.

"ಬಸಿಯದ ಆಯಿಲ್" ಅನ್ನೋಣವೇ? ಬೋಲ್ಟೇ ಬಿಚ್ಚದ ಎಂಜಿನ್‌ನಲ್ಲಿ ಇರುವುದೂ ಬಸಿಯದ ಆಯಿಲ್ಲೇ. "ಅಂಟುಳಿಕೆ" ಕೂಡ ಮನಸ್ಸಿಗೆ ಬಂತು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಧ್ಯಾಯದಲ್ಲಿ ಅದು ಕೈಕೊಡುತ್ತದೆ. ಅಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ತಿರುಗುವ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಒಳಗಿನದು ಕೆಳಗಿನ ಬೋಲ್ಟಿಗೆ ಬರುವುದೇ ಇಲ್ಲ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ಅರ್ಧದಷ್ಟೋ ಇನ್ನೂ ಜಾಸ್ತಿಯೋ ಒಳಗೇ ನಿಲ್ಲುತ್ತದೆ. ಅಷ್ಟನ್ನು ಅಂಟು ಅನ್ನಲು ಬಾಯಿ ಬರುವುದಿಲ್ಲ.

ಸದ್ಯಕ್ಕೆ ನಾನು ನಿಂತಿರುವುದು "ಬಸಿದುಳಿದ ಆಯಿಲ್" ಮೇಲೆ. ಅಳಿದುಳಿದ ಅನ್ನುವ ಪದ ನಮ್ಮ ಬಾಯಲ್ಲಿ ಮೊದಲೇ ಇದೆ, ಅದೇ ಅಚ್ಚಿನಲ್ಲಿ ಇದು. ವಾಕ್ಯದ ನಡುವೆ ಚೆನ್ನಾಗಿ ಕೂರುತ್ತದೆ. ಆದರೆ ಕೋಷ್ಟಕಕ್ಕೆ ನಾಮಪದ ಬೇಕಲ್ಲ, ಅಲ್ಲಿ "ಬಸಿದುಳಿಕೆ" ಅಂತ ಹಾಕಿದ್ದೇನೆ. ಈಗ ಹೀಗಿದೆ:

ಒಣ ಎಂಜಿನ್‌ಗೆ: 5 ಲೀಟರ್
ಬಸಿದ ಮೇಲೆ ಹಾಕಬೇಕಾದದ್ದು: 4.5 ಲೀಟರ್
ಬಸಿದುಳಿಕೆ: 0.5 ಲೀಟರ್

ಮೂರನೇ ಸಾಲು ಓದಿದಾಗ ನಿಮಗೆ ಮೊದಲು ಹೊಳೆದದ್ದು ಎಂಜಿನ್ ಒಳಗೆ ಉಳಿದದ್ದೋ, ಬಸಿದು ಕೆಳಗಿನ ಟ್ರೇಯಲ್ಲಿ ಬಿದ್ದದ್ದೋ? ಟ್ರೇ ಅಂತ ಅನ್ನಿಸಿದವರು ದಯವಿಟ್ಟು ತಪ್ಪದೆ ಬರೆಯಿರಿ, ಹಾಗಿದ್ದರೆ ಪದ ಬದಲಿಸುತ್ತೇನೆ. ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಇದನ್ನು ನೀವು ನೀವೇ ಮಾತಾಡಿಕೊಳ್ಳುವಾಗ ಏನಂತೀರಿ ಅನ್ನುವುದನ್ನೂ ತಿಳಿಸಿ. "ಒಳಗೆ ನಿಂತದ್ದು" ಅಂತಲೋ, "ಕೂತದ್ದು" ಅಂತಲೋ, ಅಥವಾ ಅದಕ್ಕೆ ಬೇರೆಯೇ ಮಾತಿದೆಯೋ?