ಸೊಳ್ಳೆಬತ್ತಿ ಹಚ್ಚಿದ ರಾತ್ರಿ ಮಗಳಿಗೆ ಉಬ್ಬಸ

ಪ್ರಶ್ನೆ: ಮಗಳಿಗೆ ಆರು ವರ್ಷ, ಅಲರ್ಜಿ ಆಸ್ತಮಾ ಇದೆ. ಸೊಳ್ಳೆಬತ್ತಿ ಹಚ್ಚಿದ ರಾತ್ರಿ ಎದೆಯಲ್ಲಿ ಸುಯ್ ಸುಯ್ ಸದ್ದು. ಅತ್ತೆ ಥಂಡಿ ಅನ್ನುತ್ತಾರೆ. ಹೊಗೆಯಿಂದ ಹೀಗಾಗುತ್ತಾ?

ಉತ್ತರ: ಆಗಬಹುದು ಅಕ್ಕಾ. 2003ರ ಅಧ್ಯಯನವೊಂದರ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣಗಳು ಹೊರಬರುತ್ತವೆ. ಜೊತೆಗೆ ಫಾರ್ಮಾಲ್ಡಿಹೈಡ್ ಅನ್ನೋ ಉಸಿರಾಟ ಕೆರಳಿಸುವ ಅನಿಲ ಬೇರೆ. ಮೊದಲೇ ಊದಿಕೊಂಡಿರುವ ಶ್ವಾಸನಾಳ ಇದರಿಂದ ಇನ್ನೂ ಬಿಗಿಯುತ್ತದೆ. ನಾವು ಸೊಳ್ಳೆಪರದೆ ಕಟ್ಟುತ್ತೇವೆ. ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಬೇಕು, ಇಲ್ಲಾಂದ್ರೆ ಸುಮ್ನೆ ದಂಡ. ಇನ್ಹೇಲರ್ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನೊಂದು ಉತ್ತರ: ಬಾತ್‌ರೂಮ್ ಕೂಡ ನೋಡಿ. ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಸುರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ದೊಡ್ಡವರಿಗೇ ಕೆಮ್ಮು ತಡೆಯೋಕಾಗಲ್ಲ.

ಪ್ರಶ್ನೆ ಕೇಳಿದವರು: ಅತ್ತೆಗೆ ಓದಿ ಹೇಳಿದೆ. ಪರದೆಗೆ ಒಪ್ಪಿದ್ದಾರೆ. ಊದುಬತ್ತಿ ವಿಷಯ ಇನ್ನೂ ಎತ್ತಿಲ್ಲ!