ಮಾವನ ಟಿಕೆಟ್ ಚೂರು, ಬೂಷ್ಟು ಹಿಡಿದ ಬೇಸ್‌ಬಾಲ್: ಮಳೆ ಹಿಡಿಯುವ ಮೊದಲು ಏನು ಮಾಡಲಿ?

ಮೇಗರವಳ್ಳಿ ತೋಟದವನು

ಮೊದಲೇ ಹೇಳಿಬಿಡುತ್ತೇನೆ, ಇದು ಕ್ರಿಕೆಟ್ ಪ್ರಶ್ನೆಯಲ್ಲ, ಬೇಸ್‌ಬಾಲ್. ನಗುವವರು ನಕ್ಕು ಮುಗಿಸಿ ಮುಂದೆ ಓದಿ.

ನನ್ನ ಸೋದರಮಾವ 1997ರಿಂದ 1999ರವರೆಗೆ ಷಿಕಾಗೋದಲ್ಲಿದ್ದರು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಹೆದರಿ ಅಮೆರಿಕದವರು ನಮ್ಮ ಹುಡುಗರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ವಾಪಸು ಬರುವಾಗ ನನಗೆಂದು ಒಂದು ನೀಲಿ ಟೋಪಿ, ಒಂದು ಚೆಂಡು, ಒಂದು ಶೂ ಡಬ್ಬಿಯ ತುಂಬ ಆಟಗಾರರ ಕಾರ್ಡುಗಳನ್ನು ತಂದರು. ಟೋಪಿಯ ಮೇಲೆ ಕೆಂಪು ದಾರದ ‘ಸಿ’ ಅಕ್ಷರ. ಅದು ಷಿಕಾಗೋ ಕಬ್ಸ್ ಎಂಬ ತಂಡದ್ದು ಎಂದು ತಿಳಿಯುವಷ್ಟರಲ್ಲಿ ಟೋಪಿ ಕೊನೆಗಾರನ ತಲೆ ಸೇರಿ ಬಣ್ಣಗೆಟ್ಟಿತ್ತು.

ನನಗೆ ಪೂರ್ತಿ ಹುಚ್ಚು ಹಿಡಿದದ್ದು 2016ರಲ್ಲಿ. ಅಲ್ಲಿಯ ರಾತ್ರಿ ಆಟ ನಮಗೆ ಬೆಳಗಿನ ಐದೂವರೆಗೆ, ಹಾಲು ಕರೆಯುವ ಹೊತ್ತಿಗೆ ಶುರುವಾಗುತ್ತದೆ. ನವೆಂಬರ್ 3ರ ಬೆಳಿಗ್ಗೆ, ಕ್ಲೀವ್‌ಲ್ಯಾಂಡ್‌ನಲ್ಲಿ ಕಬ್ಸ್‌ಗೆ ವರ್ಲ್ಡ್ ಸೀರೀಸ್‌ನ, ಅಂದರೆ ಅಲ್ಲಿಯ ಪಟ್ಟ ತೀರ್ಮಾನಿಸುವ ಸರಣಿಯ, ಏಳನೇ ಆಟ. ನಮ್ಮಲ್ಲಿ ಸಿಗ್ನಲ್ ಸಿಗುವುದು ಗೊಬ್ಬರಗುಂಡಿಯ ಪಕ್ಕದ ಹಲಸಿನ ಮರದ ಬುಡದಲ್ಲಿ ಮಾತ್ರ. ಒಂಬತ್ತು ಇನಿಂಗ್ಸ್ ಮುಗಿದಾಗ 6–6, ಮಳೆ ಬಂತು. 17 ನಿಮಿಷ ಆಟ ನಿಂತಿತು. ಆಗುಂಬೆ ಪಕ್ಕದಲ್ಲಿರುವ ನಾವು ಹದಿನೇಳು ನಿಮಿಷದ್ದನ್ನು ಮಳೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಬೇರೆ ಮಾತು. ಹತ್ತನೆಯದರಲ್ಲಿ ನಮ್ಮ ಕಬ್ಸ್‌ನ ಝೋಬ್ರಿಸ್ಟ್ ಮೂರನೇ ಬೇಸ್‌ನ ಗೆರೆಯಗುಂಟ ಒಂದು ಹೊಡೆದ, 8–7ಕ್ಕೆ ಗೆದ್ದೆವು. 1908ರ ನಂತರದ ಮೊದಲ ಪಟ್ಟ, ಲೆಕ್ಕ ಹಾಕಿದರೆ ನೂರ ಎಂಟು ವರ್ಷ. ಎದ್ದು ನೋಡಿದರೆ ಗಂಟೆ ಹತ್ತು ದಾಟಿದೆ, ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಬೆಂಕಿ ಆರಿದೆ. ಅಪ್ಪ ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಅಟ್ಟ ಗುಡಿಸುವಾಗ ಆ ಶೂ ಡಬ್ಬಿ ಸಿಕ್ಕಿತು. ಚೆಂಡಿನ ಹೊಲಿಗೆಯ ಗುಂಟ ಹಸಿರು ಬೂಷ್ಟು. ಮಾವ ಹೇಳುವ ಪ್ರಕಾರ ಆ ಚೆಂಡು ಅವರ ಸೀಟಿನ ಕೆಳಗೆ ಉರುಳಿ ಬಂದದ್ದು. ಬಂದಾಗ ಅದಕ್ಕೆ ಕಂದು ಕೆಸರು ಮೆತ್ತಿದಂತಿತ್ತು. ಅಮ್ಮ ಆಗಲೇ ಅಂಟುವಾಳ ಹಾಕಿ ತೊಳೆದಿಟ್ಟಿದ್ದರು. ಆಮೇಲೆ ನಾವು ಅದರಲ್ಲಿ ಎರಡು ಬೇಸಿಗೆ ಲಗೋರಿಯನ್ನೂ ಆಡಿದ್ದೇವೆ, ಸುಳ್ಳು ಹೇಳುವುದಿಲ್ಲ. ಚೆಂಡಿನ ಮೇಲೆ ‘ಲಿಯೊನಾರ್ಡ್ ಎಸ್. ಕೋಲ್ಮನ್’ ಎಂಬ ಸಹಿ ಇದೆ, ಅದರ ಕೆಳಗಿನ ಅಕ್ಷರ ಮಾಸಿದೆ. ಕಬ್ಸ್ ಆಟಗಾರರ ಪಟ್ಟಿಯನ್ನೆಲ್ಲ ಜಾಲಾಡಿದೆ, ಈ ಹೆಸರಿನವನು ಇಲ್ಲ.

ಡಬ್ಬಿಯ ತಳದಲ್ಲಿ ಅರ್ಧ ಟಿಕೆಟ್ ಕೂಡ ಇತ್ತು. ಬುಧವಾರ, ಮೇ 6, ಎದುರಾಳಿ ಹ್ಯೂಸ್ಟನ್. ಇಸವಿ ಇದ್ದ ಮೂಲೆಯನ್ನು ಹುಳ ತಿಂದಿದೆ. ಮಾವ ಅಲ್ಲಿದ್ದಷ್ಟು ದಿನದಲ್ಲಿ ನೋಡಿದ್ದು ಅದೊಂದೇ ಆಟ. ಕೇಳಿದರೆ, “ಜಿಟಿಜಿಟಿ ಮಳೆ, ಚಳಿ. ಎದುರಿನವರು ಯಾರೂ ಚೆಂಡು ಹೊಡೆಯಲೇ ಇಲ್ಲ. ಬರುವುದು, ದೊಣ್ಣೆ ಬೀಸುವುದು, ಹೋಗುವುದು. ಅಂಥ ಸಪ್ಪೆ ಆಟವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಯಾರೋ ‘ಕೆ’ ಎಂದು ಬರೆದ ಹಾಳೆಗಳನ್ನು ಸಾಲಾಗಿ ನೇತುಹಾಕುತ್ತಿದ್ದರು, ನಮ್ಮ ಕರ್ನಾಟಕದವರೇ ಇರಬೇಕು ಅಂದುಕೊಂಡೆ” ಎಂದರು.

ಸಹಿ ಯಾರದು? ಇವನ್ನೆಲ್ಲ ಮಳೆಗಾಲ ದಾಟಿಸುವುದು ಹೇಗೆ? ಇನ್ನೊಂದು: ಫೋನಿನಲ್ಲಿ ಒಬ್ಬರು, “ಎಲ್ಲವನ್ನೂ ಕೊರಿಯರ್ ಮಾಡಿ, ನೋಡಿ ಬೆಲೆ ಹೇಳುತ್ತೇನೆ” ಎನ್ನುತ್ತಿದ್ದಾರೆ. ಕಳಿಸಲೇ?

ಕೊಪ್ಪದ ರೊಬಸ್ಟಾ

ಕಳಿಸಬೇಡಿ. ಅಡಿಕೆಯನ್ನು ಹಾಗೆ ಕಳಿಸುತ್ತೀರಾ?

ಭದ್ರಾವತಿಯ ಜಿ. ಆರ್. ವಿಶ್ವನಾಥ್ ಹುಟ್ಟಿದ ಜಿಲ್ಲೆಯಲ್ಲಿ ಕೂತು ಈ ದೊಣ್ಣೆಯಾಟಕ್ಕೆ ಯಾಕೆ ಮರುಳಾದಿರೋ ದೇವರಿಗೇ ಗೊತ್ತು. ಆ ಟೋಪಿ ಹಾಕಿದ ಕೊನೆಗಾರನನ್ನು ನೆನೆದು ಮಾತ್ರ ಒಂದು ನಿಮಿಷ ನಕ್ಕೆ.

ಕಾಗದದ ಕೆಲಸದವ, ಭದ್ರಾವತಿ

ಬೇಸ್‌ಬಾಲ್ ನನಗೆ ತಿಳಿಯದು. ಮೂವತ್ತು ವರ್ಷ ಕಾಗದ ಕಾರ್ಖಾನೆಯಲ್ಲಿ ದುಡಿದವನು, ಕಾಗದದ ಮಾತು ಹೇಳುತ್ತೇನೆ.

ಟಿಕೆಟ್ಟನ್ನು ಲ್ಯಾಮಿನೇಟ್ ಮಾಡಿಸಬೇಡಿ. ಇಸ್ತ್ರಿ ಹಾಕಿ ಸುಕ್ಕು ಬಿಡಿಸುವ ಬುದ್ಧಿಯೂ ಬೇಡ. ಆ ಕಾಲದ ಟಿಕೆಟ್‌ಗಳಲ್ಲಿ ಕೆಲವು ಶಾಖದಿಂದ ಅಕ್ಷರ ಮೂಡುವ ಕಾಗದದವು. ಬಿಸಿ ತಾಗಿದರೆ ಇಡೀ ಚೂರು ಕಪ್ಪಾಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಓದಲಾರ. ಅಂಟು, ಟೇಪು ಯಾವುದೂ ಬೇಡ.

ಅಂಟಿನ ವಿಷಯದಲ್ಲಿ ನನ್ನ ಗಾಯ ಇನ್ನೂ ಹಸಿ. ಮೇಲಿನ ರೊಬಸ್ಟಾ ಅವರು ವಿಶ್ವನಾಥರ ಹೆಸರೆತ್ತಿದರಲ್ಲ, ಅವರ ಬಗ್ಗೆ ಬಂದದ್ದನ್ನೆಲ್ಲ ನಾನು ಕತ್ತರಿಸಿ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಅಂಟಿಸುತ್ತಿದ್ದೆ. 1975ರ ಜನವರಿ, ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಔಟಾಗದೆ 97. ಆ್ಯಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದ ದಿನ. ಆ ಪುಟಕ್ಕೆ ಅಮ್ಮ ಕಾಯಿಸಿಕೊಟ್ಟ ಮೈದಾ ಗೋಂದನ್ನು ಧಾರಾಳವಾಗಿ ಬಳಿದಿದ್ದೆ. ಹತ್ತು ಮಳೆಗಾಲ ಕಳೆದು ತೆರೆದರೆ, ಗೋಂದು ಇದ್ದಲ್ಲೆಲ್ಲ ಬೆಳ್ಳಿಹುಳ ಮೇದಿದೆ. ತಲೆಬರಹದ 97ರಲ್ಲಿ 9 ಮಾತ್ರ ಉಳಿದಿದೆ. ವಿಶ್ವನಾಥ್ ಒಂಬತ್ತಕ್ಕೆ ಔಟಾದ ಹಾಗೆ! ಪತ್ರಿಕೆಯ ಕಾಗದ ಮರದ ತಿರುಳಿನ ಹುಳಿಯಿಂದ ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ, ಅದಕ್ಕೆ ನಾವು ಹುಳಕ್ಕೆ ಊಟವನ್ನೂ ಬಡಿಸಿದರೆ ಇನ್ನೇನಾಗುತ್ತದೆ?

ಟಿಕೆಟ್ಟಿಗೂ ಒಳ್ಳೆಯ ಕಾರ್ಡುಗಳಿಗೂ ಪಾಲಿಪ್ರೊಪಿಲೀನ್ ಲಕೋಟೆ ಹಾಕಿ. ಹೊಸ ಮಳೆಕೋಟಿನ ವಾಸನೆ ಬರುವ ಪಿವಿಸಿ ಹಾಳೆ ಬೇಡ, ಅದು ವರ್ಷಗಳಲ್ಲಿ ಅಂಟಂಟಾಗಿ ಮಸಿಯನ್ನೇ ಎತ್ತಿಕೊಳ್ಳುತ್ತದೆ. ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಿಸುವ ಜಾತಿಯ ಹರಳು ಸಿಗುತ್ತದೆ. ತೇವ ಕುಡಿದು ಬಣ್ಣ ತಿರುಗಿದಾಗ ಅದನ್ನು ಹೊರತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡಬೇಡಿ, ಹೊಗೆ ಹಿಡಿಯುತ್ತದೆ. ನುಸಿಗುಳಿಗೆಯನ್ನೂ ಪ್ಲಾಸ್ಟಿಕ್ ಜೊತೆ ಹಾಕಬೇಡಿ.

ಚೆಂಡಿನ ಬೂಷ್ಟನ್ನು ಮೆತ್ತಗಿನ ಒಣ ಬ್ರಷ್‌ನಿಂದ, ಮನೆಯ ಹೊರಗೆ, ನೆರಳಲ್ಲಿ ಉದುರಿಸಿ. ಬಿಸಿಲಿಗಿಟ್ಟರೆ ಸಹಿ ಹೋಗುತ್ತದೆ. ಕೊಬ್ಬರಿ ಎಣ್ಣೆ ಸವರಲು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಅಂಟುವಾಳದ ವಿಷಯ ಓದಿ ಎದೆ ಝಲ್ಲೆಂದಿತು.

ವಿನೋಬನಗರದ ಎಡಗೈ

ಒಂಬತ್ತು ವರ್ಷ ಷಿಕಾಗೋದಲ್ಲಿದ್ದು ಈಗ ಶಿವಮೊಗ್ಗಕ್ಕೆ ಬಂದು ನೆಲೆಸಿದ್ದೇನೆ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎರಡನೇ ಸಲ ಎದ್ದು ನಿಂತು ಓದಿದೆ.

ಸುಲಭದ್ದು ಮೊದಲು. ಕೋಲ್ಮನ್ ಆಟಗಾರನಲ್ಲ. ಆಗ ಕಬ್ಸ್ ಆಡುವ ನ್ಯಾಷನಲ್ ಲೀಗ್‌ಗೆ ಒಬ್ಬ ಅಧ್ಯಕ್ಷರಿರುತ್ತಿದ್ದರು, ಅವರ ಸಹಿಯ ಅಚ್ಚು ಲೀಗಿನ ಪ್ರತಿ ಚೆಂಡಿನ ಮೇಲೂ ಬೀಳುತ್ತಿತ್ತು. ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವ ಹಾಗೆ. ಕೋಲ್ಮನ್ ಅಧ್ಯಕ್ಷರಾಗಿದ್ದದ್ದು 1994ರಿಂದ 1999ರವರೆಗೆ. 2000ದಿಂದ ಆ ಹುದ್ದೆಯೇ ಹೋಗಿ ಚೆಂಡಿನ ಮೇಲೆ ಕಮಿಷನರ್ ಬಡ್ ಸೀಲಿಗ್ ಸಹಿ ಬಂತು. ಆದ್ದರಿಂದ ನಿಮ್ಮ ಚೆಂಡಿನ ಕಾಲಕ್ಕೂ ಮಾವನ ಮಾತಿಗೂ ತಾಳೆಯಾಗುತ್ತದೆ.

ಇನ್ನು ಆ ಕೆಸರು. ಹೊಸ ಚೆಂಡು ಹೊಳಪಿಗೆ ಜಾರುತ್ತದೆಂದು ಪ್ರತಿ ಆಟಕ್ಕೂ ಮುಂಚೆ ಅದಕ್ಕೆ ಕೆಸರು ಉಜ್ಜುತ್ತಾರೆ. ಎಲ್ಲಿಯದೋ ಕೆಸರಲ್ಲ: ನ್ಯೂಜೆರ್ಸಿ ಕಡೆಯಲ್ಲಿ ಡೆಲವೇರ್ ನದಿಯ ಒಂದು ಉಪನದಿಯಿಂದ, ಗುಟ್ಟಾಗಿಟ್ಟ ಒಂದೇ ಜಾಗದಿಂದ ತೆಗೆದದ್ದು. 1938ರಲ್ಲಿ ಲೀನಾ ಬ್ಲ್ಯಾಕ್‌ಬರ್ನ್ ಎಂಬ ಕೋಚ್ ಅದನ್ನು ರೂಢಿಗೆ ತಂದ, ಇವತ್ತಿಗೂ ಅವನ ಹೆಸರಿನಲ್ಲೇ ಮಾರಾಟವಾಗುತ್ತದೆ. ನಿಮ್ಮ ಅಮ್ಮ ಅಂಟುವಾಳದಲ್ಲಿ ತೊಳೆದದ್ದು, ಚೆಂಡು ಮೈದಾನಕ್ಕೆ ಇಳಿದಿತ್ತು ಎಂಬುದಕ್ಕೆ ಇದ್ದ ಒಳ್ಳೆಯ ಗುರುತನ್ನು. ಅವರಿಗೆ ಹೇಳಬೇಡಿ. ಹೇಗೂ ಲಗೋರಿ ಆಡಿದ ಮೇಲೆ ತುಂಗೆಯ ಕೆಸರು ಯಾವುದು, ಡೆಲವೇರಿನದು ಯಾವುದು ಎಂದು ಯಾರು ಸಾಬೀತು ಮಾಡುತ್ತಾರೆ? ಆಟದ ವಸ್ತುಗಳಿಗೆ ಲೀಗಿನವರೇ ಹೊಲೊಗ್ರಾಂ ಅಂಟಿಸುವ ಪದ್ಧತಿ ಬಂದದ್ದು 2001ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಮಾವನ ಬಾಯಿಮಾತೇ ಪ್ರಮಾಣಪತ್ರ. ಅಂದ ಹಾಗೆ ಬಿಡುವಿದ್ದಾಗ ಹೊಲಿಗೆ ಎಣಿಸಿ, ಜೋಡಿ ಹೊಲಿಗೆ ನೂರ ಎಂಟು ಇರುತ್ತದೆ. ಕಬ್ಸ್ ಕಾದ ವರ್ಷವೂ ಅಷ್ಟೇ. 2016ರಲ್ಲಿ ನನ್ನ ಅತ್ತೆ ಇದನ್ನು ಕೇಳಿ, ಅಷ್ಟೋತ್ತರ ಮುಗಿದ ಮೇಲೆ ಮಂಗಳಾರತಿ ಆಗಲೇಬೇಕಲ್ಲ ಎಂದಿದ್ದರು.

ಕಾರ್ಡುಗಳು 1987ರಿಂದ 90ರ ದಶಕದ ಮೊದಲ ವರ್ಷಗಳವಾದರೆ ಆಸೆ ಬಿಡಿ. 2003ರ ಸುಮಾರಿನ ವೆನಿಲ್ಲಾ ನೆನಪಿದೆಯೇ? ಬೆಲೆ ಏರಿತೆಂದು ಊರಿಗೆ ಊರೇ ಬಳ್ಳಿ ಹಬ್ಬಿಸಿ, ರಾತ್ರಿ ಕಾವಲು ಕಾದು, ಕೊನೆಗೆ ಕೇಳುವವರಿಲ್ಲದೆ ಹೋಯಿತಲ್ಲ. ಅಲ್ಲೂ ಹಾಗೆಯೇ. 1952ರ ಟಾಪ್ಸ್ ಕಂಪನಿಯ, ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡು ದುಬಾರಿಯಾದದ್ದು ಚೆನ್ನಾಗಿ ಉಳಿದವು ಕೆಲವೇ ಆದ್ದರಿಂದ, ಆಗಿನ ಹುಡುಗರು ಕಾರ್ಡುಗಳನ್ನು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಹಾಳು ಮಾಡುತ್ತಿದ್ದರು. 2022ರಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹೋಯಿತು. ಹಳೆಯ ಕಾರ್ಡುಗಳ ಬೆಲೆ ಏರುತ್ತಿರುವ ಸುದ್ದಿ ಕೇಳಿ 80ರ ದಶಕದಲ್ಲೇ ಎಲ್ಲರೂ ಕಾರ್ಡು ಕೂಡಿಡಲು ಶುರು ಮಾಡಿದರು, ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದವು. ಎಲ್ಲರ ಅಟ್ಟದಲ್ಲೂ ಇರುವುದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಈಗ ಟಿಕೆಟ್. ಮಾವ ಅಲ್ಲಿದ್ದ ಮೂರು ವರ್ಷಗಳಲ್ಲಿ ಮೇ 6 ಬುಧವಾರ ಬಂದದ್ದು 1998ರಲ್ಲಿ ಮಾತ್ರ. 97ರಲ್ಲಿ ಮಂಗಳವಾರ, 99ರಲ್ಲಿ ಗುರುವಾರ. 1998ರ ಮೇ 6ರಂದು ಕಬ್ಸ್‌ನ ತವರು ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ, ಹ್ಯೂಸ್ಟನ್ ಆಸ್ಟ್ರೋಸ್ ಎದುರು, ಮೋಡ ಕವಿದ ಮಧ್ಯಾಹ್ನ, ಕೆರ್ರಿ ವುಡ್ ಎಂಬ ಇಪ್ಪತ್ತು ವರ್ಷದ ಹುಡುಗ ಚೆಂಡೆಸೆಯಲು ಬಂದ. ಲೀಗಿನಲ್ಲಿ ಅವನು ಪಿಚರ್ (ಚೆಂಡೆಸೆಯುವವ) ಆಗಿ ಶುರು ಮಾಡಿದ ಐದನೇ ಆಟ. ಒಂಬತ್ತು ಇನಿಂಗ್ಸ್‌ಗೆ 27 ಔಟ್ ಬೇಕಲ್ಲ, ಅದರಲ್ಲಿ 20 ಅವನೊಬ್ಬನೇ ಮಾಡಿದ ಸ್ಟ್ರೈಕ್‌ಔಟ್, ಅಂದರೆ ಚೆಂಡನ್ನು ಹೊಡೆಯಲು ಬಿಡದೆಯೇ ಔಟ್ ಮಾಡಿದ್ದು. ಬಿಟ್ಟುಕೊಟ್ಟದ್ದು ಒಂದೇ ಹಿಟ್, ಅದೂ ಮೂರನೇ ಬೇಸ್‌ನವನ ಕೈಗವಸಿಗೆ ತಾಗಿ ಹೋದದ್ದು. ಒಂದೂ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಇಲ್ಲ. ಕಬ್ಸ್ 2–0. ಒಂಬತ್ತು ಇನಿಂಗ್ಸ್‌ನ ಸ್ಟ್ರೈಕ್‌ಔಟ್ ದಾಖಲೆಯನ್ನು ಅವನು ಸರಿಗಟ್ಟಿದ. ಮರುವರ್ಷ ಮೊಣಕೈ ಶಸ್ತ್ರಚಿಕಿತ್ಸೆಯಾಗಿ ಇಡೀ ಋತು ಆಡಲಿಲ್ಲ. ಪಿಚರ್ ಒಬ್ಬ ಆಡಿದ ಅತಿ ಶ್ರೇಷ್ಠ ಆಟ ಯಾವುದೆಂಬ ಜಗಳ ಬಂದಾಗಲೆಲ್ಲ ಆ ದಿನದ ಹೆಸರು ಬರುತ್ತದೆ.

‘ಕೆ’ ಎಂದರೆ ಸ್ಕೋರು ಬರೆಯುವವರ ಭಾಷೆಯಲ್ಲಿ ಸ್ಟ್ರೈಕ್‌ಔಟ್. ‘ಸ್ಟ್ರಕ್’ ಎಂಬ ಪದದ ಕೊನೆಯ ಅಕ್ಷರ. ಒಬ್ಬ ಔಟಾದಂತೆ ಒಂದೊಂದು ಹಾಳೆ ನೇತುಹಾಕುತ್ತಾರೆ. ಮಾವನಿಗೆ ಕರ್ನಾಟಕದವರು ಬಹಳ ಮಂದಿ ಸೇರಿದಂತೆ ಕಂಡಿರಬೇಕು.

ಯಾರೂ ಹೊಡೆಯಲೇ ಇಲ್ಲ ಎಂದು ಅವರು ಹೇಳಿದ್ದು ಪೂರ್ತಿ ನಿಜ.

ಮೇಗರವಳ್ಳಿ ತೋಟದವನು

ನಿನ್ನೆ ರಾತ್ರಿ ಇದನ್ನು ಓದಿದ ಕೂಡಲೇ ಟಾರ್ಚ್ ಹಿಡಿದು ಹಲಸಿನ ಮರದ ಬುಡಕ್ಕೆ ಹೋಗಿ ಮಾವನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಓದಿ ಹೇಳಿದೆ. ಆ ಕಡೆ ಮಾತಿಲ್ಲ. ಸಿಗ್ನಲ್ ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ, “ಕೊನೆಗೆ ಎಷ್ಟು ಎಂದೆ?” ಎಂದು ಕೇಳಿದರು. “ಇಪ್ಪತ್ತು, ಮಾವ.” ಮತ್ತೆ ಮಾತಿಲ್ಲ.

ಆಮೇಲೆ ಹೊರಬಿತ್ತು. ಏಳನೇ ಇನಿಂಗ್ಸ್ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡು ಹೇಳಿದರಂತೆ. ಆಟ ಮುಗಿಯಿತು, ಇದು ಅವರ ಜನಗಣಮನ ಇರಬೇಕು ಎಂದು ಮಾವನೂ ನೆಟ್ಟಗೆ ನಿಂತು, ಹಾಡು ಮುಗಿದ ಮೇಲೆ ಚೆಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಮಳೆ ಜೋರಾಗುವ ಮೊದಲು ರೈಲು ಹಿಡಿಯೋಣ ಎಂದು ಹೊರಟುಬಂದರಂತೆ. “ಬಾಗಿಲಲ್ಲಿ ಒಬ್ಬ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ಯಾಕೆಂದು ಈಗ ತಿಳಿಯಿತು” ಎಂದರು.

ಕೊರಿಯರ್‌ನವರಿಗೆ ಇಲ್ಲ ಎಂದಿದ್ದೇನೆ. ಟಿಕೆಟ್ ಲಕೋಟೆ ಸೇರಿದೆ, ಸಿಲಿಕಾ ಜೆಲ್ ತರಲು ನಾಳೆ ತೀರ್ಥಹಳ್ಳಿಗೆ ಹೋಗುತ್ತೇನೆ. ಕಾರ್ಡುಗಳನ್ನು ಮಗಳು ಆಗಲೇ ಹಂಚಿಕೊಂಡು ಆಡುತ್ತಿದ್ದಾಳೆ. ಹೊಲಿಗೆ ಎಣಿಸಿದೆ, ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಅಮ್ಮನಿಗೆ ಕೆಸರಿನ ವಿಷಯ ಹೇಳಬೇಡಿ ಎಂದಿದ್ದಿರಿ, ಬಾಯಿ ತಪ್ಪಿ ಹೇಳಿಬಿಟ್ಟೆ. “ಕೆಸರು ಯಾವ ದೇಶದ್ದಾದರೇನು, ಒಳಗೆ ತರುವ ಮುಂಚೆ ತೊಳೆಯಬೇಡವೇ?” ಎಂದರು.

ಇವತ್ತು ಬೆಳಿಗ್ಗೆ ಆರಕ್ಕೆ ಮತ್ತೆ ಮಾವನ ಫೋನ್. ಆ ಹುಡುಗನ ಮೊಣಕೈ ಆಮೇಲೆ ಸರಿಹೋಯಿತೇ ಎಂದು ಕೇಳುತ್ತಿದ್ದರು.