ಸಹಾಯ ಬೇಕು: ಕಾರಿನ ಹಾಡಿನಲ್ಲಿ ಬಾಸ್ (ತಗ್ಗು ದನಿ) ಬಂದರೆ ಡಿಕ್ಕಿ ಗಡಗಡ, ಹೆಡ್‌ಲೈಟ್ ಮಂಕು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಕಾರಿಗೆ 12 ಇಂಚಿನ ಸಬ್‌ವೂಫರ್ (ಬಾಸ್ ಸ್ಪೀಕರ್), ಆಂಪ್ಲಿಫೈಯರ್ ಹಾಕಿಸಿದೆ. ತಮಟೆ ಏಟು ಎದೆಗೇ ಬಡಿಯುತ್ತದೆ, ಅಷ್ಟು ಚೆನ್ನಾಗಿದೆ. ಆದರೆ ನಂಬರ್ ಪ್ಲೇಟ್ ಕಟಕಟ ಅನ್ನುತ್ತಿತ್ತು. ಹಿಂದೆ ಫೋಮ್ ಟೇಪ್ ಅಂಟಿಸಿದೆ, ನಿಂತಿತು. ಡಿಕ್ಕಿ ಬಾಗಿಲಿನ ಸದ್ದು ಮಾತ್ರ ಹೋಗಿಲ್ಲ. ಅಂಗೈ ಒತ್ತಿ ಹಿಡಿದರೆ ಸುಮ್ಮನಾಗುತ್ತದೆ. ಅದುರುವುದನ್ನು ತಡೆಯುವ ಡ್ಯಾಂಪಿಂಗ್ ಶೀಟ್ ಅಲ್ಲಿಗಷ್ಟೇ ಸಾಕಾ?

ಜಾಸ್ತಿ ಚಿಂತೆ ಬ್ಯಾಟರಿಯದು. ರಾತ್ರಿ ಪ್ರತಿ ಏಟಿಗೂ ಹೆಡ್‌ಲೈಟ್ ಮಂಕಾಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದೆ: ಇಂಜಿನ್ ಓಡುವಾಗ 14.1 ವೋಲ್ಟ್, ಬಾಸ್ ಬಂದಾಗ 12.2. ಎರಡು ದಿನ ನಿಲ್ಲಿಸಿದರೆ ಸ್ಟಾರ್ಟೇ ಆಗುವುದಿಲ್ಲ. ಕೀ ತೆಗೆದು ಗಂಟೆಗಳಾದರೂ ಆಂಪ್ ಬೆಚ್ಚಗಿರುತ್ತದೆ. ಆಂಪ್ ಆನ್-ಆಫ್ ಮಾಡುವ ರಿಮೋಟ್ ವೈರ್ ನೇರ ಬ್ಯಾಟರಿಗೆ ಕೊಟ್ಟಿದ್ದಾರಾ ಅಂತ ಅನುಮಾನ. ಕರೆಂಟ್ ಕೂಡಿಡುವ ಕೆಪಾಸಿಟರ್ ಹಾಕು ಅಂತಾರೆ, ಆದರೆ ಅದು ಕರೆಂಟ್ ಹುಟ್ಟಿಸುವುದಿಲ್ಲ ಅಲ್ವಾ? ಮೊದಲು ಅರ್ತ್ ವೈರ್ ದಪ್ಪದ್ದು ಹಾಕಿಸಲಾ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಲಾ? ಮಾಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.